ವಾಪಸು ಟಿಕೇಟು ಇದ್ದವಳು

ಅವಳ ತಮ್ಮನ ಮಗ ಮನೆಗೆ ಬಂದು, ಅತ್ತೆಯ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದೇವೆ, ನೀವೂ ಎರಡು ಪುಟ ಬರೆದುಕೊಡಿ ಎಂದ. ನಾನು ಓದಿರುವುದು ನಾಲ್ಕನೇ ಕ್ಲಾಸು ಕಣಪ್ಪ ಎಂದೆ. "ಪರವಾಗಿಲ್ಲ ಅಜ್ಜಿ, ನಿಮಗೆ ಅವರು ಚಿಕ್ಕಂದಿನಿಂದ ಗೊತ್ತು. ಒಳ್ಳೇದು ನಾಲ್ಕು ಮಾತು ಬರೀರಿ, ಸಾಕು" ಎಂದು ಹೇಳಿ ಕಾಫಿ ಕುಡಿದು ಹೋದ. ಒಳ್ಳೆಯದನ್ನು ಬರೆಯಲು ಅವಳ ಹತ್ತಿರ ಓದಿದವರಿದ್ದಾರೆ, ಜೊತೆಗೆ ಕೆಲಸ ಮಾಡಿದವರಿದ್ದಾರೆ. ನಾನು ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದಲಿ, ಮಾತು ತಿದ್ದುವುದು ಬೇಡ. ಅವಳ ಹೆಸರನ್ನು ಬರೆಯುವುದಿಲ್ಲ. ಅದು ಅವಳು ಬದುಕಿದ್ದಾಗಲೇ ಬೇಕಾದಷ್ಟು ಕಡೆ ಅಚ್ಚಾಗಿದೆ.

ಮೊದಲೇ ಹೇಳಿಬಿಡುತ್ತೇನೆ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇತ್ತು ಎಂದು ಬರೆಯಬೇಕೋ, ಇದೆ ಎಂದು ಬರೆಯಬೇಕೋ ತಿಳಿಯದು. ಹೋದವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ಮಗಳು ಹೇಳಿದಳು. ಪ್ರಯತ್ನ ಮಾಡಿದ್ದೇನೆ. ಹೋಗಿಲ್ಲ.

ಶಿಡ್ಲಘಟ್ಟದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವಳ ಅಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ನಮ್ಮಪ್ಪನಿಗೆ ಊರಾಚೆ ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹೊರಗಿನವರನ್ನು ಮನೆಯೊಳಕ್ಕೆ ಬಿಡುವುದಿಲ್ಲ. ನೆಂಟರು ಬಂದರೂ ಜಗಲಿಯಲ್ಲೇ ಕೂರಿಸಿ, ನೀರು ಕೊಟ್ಟು ಕಳಿಸುತ್ತೇವೆ. ಒಗ್ಗರಣೆ ಹಾಕುವುದಿಲ್ಲ, ವಾಸನೆ ಸೋಪು ಹಚ್ಚುವುದಿಲ್ಲ. ಅಂಥ ದಿನಗಳಲ್ಲೂ ಇವಳೊಬ್ಬಳು ಒಳಗೆ ಬರುತ್ತಿದ್ದಳು. ಹೇಗೆಂದರೆ, ಕೇಳಿಕೊಂಡು. ಬಾಗಿಲಲ್ಲಿ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಪಾದವನ್ನು ಗೋಡೆಗೆ ಒತ್ತಿಕೊಂಡು, "ಮಾಮ, ಕಾಲು ತೊಳ್ಕೊಂಡಿದೀನಿ, ಸ್ನಾನಾನೂ ಆಗಿದೆ, ಬರ್ಲಾ?" ಎನ್ನುವಳು. ನಮ್ಮಪ್ಪ ಯಾರಿಗೂ ಬಗ್ಗದವನು, "ಬಾರಮ್ಮ, ಏನೂ ಮುಟ್ಬೇಡ" ಎನ್ನುತ್ತಿದ್ದ.

ಅದು ಅವಳ ಮಾತು, ಕೇಳುವುದು. "ಕೇಳೋಕೇನು ದುಡ್ಡು ಕೊಡಬೇಕಾ?" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನಾನು ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೊಟ್ಟರೆ ಇಸಕೊಂಡೆ, ಇಲ್ಲದಿದ್ದರೆ ಇಲ್ಲ. ನಮ್ಮಿಬ್ಬರಿಗೂ ಇದ್ದ ವ್ಯತ್ಯಾಸ ಇಷ್ಟೇ ಎಂದು ಎಷ್ಟೋ ವರ್ಷದ ಮೇಲೆ ಹೊಳೆಯಿತು. ಬುದ್ಧಿಯಲ್ಲಿ ನಾನೇ ಮೇಲು. ಇದನ್ನು ಸುಮ್ಮನೆ ಬರೆಯುತ್ತಿಲ್ಲ.

ನಾಲ್ಕನೇ ಕ್ಲಾಸಿನಲ್ಲಿ ಇನ್ಸ್‌ಪೆಕ್ಟರು ಬಂದಿದ್ದರು. ಒಂದು ಬಾಯಿಲೆಕ್ಕ ಕೇಳಿದರು, ಸೇರು, ಪಾವಿನದು. ಇವಳು ಬೆರಳು ಎಣಿಸುತ್ತಿದ್ದಳು. ನಾನು ಎದ್ದು ಉತ್ತರ ಹೇಳಿದೆ. ಇನ್ಸ್‌ಪೆಕ್ಟರು "ಭೇಷ್" ಎಂದರು. ನಾನು ಕೂತೆ. ಇವಳು ಎದ್ದಳು. "ಸಾರ್, ನಿಮ್ಮ ಜೇಬಲ್ಲಿರೋ ಆ ಪೆನ್ಸಿಲ್ ಒಂದು ಕಡೆ ಕೆಂಪು, ಒಂದು ಕಡೆ ನೀಲಿ ಬರೆಯುತ್ತಾ ಸಾರ್?" ಹೌದು ಎಂದರು. "ನನಗೆ ಕೊಡ್ತೀರಾ ಸಾರ್?" ಅವರು ನಕ್ಕು ಕೊಟ್ಟೇಬಿಟ್ಟರು. ಉತ್ತರ ನನ್ನದು, ಪೆನ್ಸಿಲ್ ಅವಳದು. ಮನೆಗೆ ಬರುವ ದಾರಿಯಲ್ಲಿ "ನೀನೂ ಕೆಂಪು ಕಡೆ ಬಳಸ್ಕೋ ಕಣೇ" ಎಂದಳು. ಬೇಡ ಎಂದೆ.

ಆ ವರ್ಷ ಪರೀಕ್ಷೆಯಲ್ಲಿ ನಾನು ಮೊದಲು, ಅವಳು ಎರಡನೆಯವಳು. ಮೇಷ್ಟ್ರು ತಾವೇ ನಮ್ಮ ಮನೆಗೆ ಬಂದು ನಮ್ಮಪ್ಪನ ಹತ್ತಿರ, ಹುಡುಗಿಯನ್ನು ಮುಂದಕ್ಕೆ ಓದಿಸು ಎಂದರು. "ಸೊಪ್ಪು ಯಾರು ಕೊಯ್ತಾರೆ ಮೇಷ್ಟ್ರೇ? ನೀವು ಬರ್ತೀರಾ?" ಎಂದ ನಮ್ಮಪ್ಪ. ಮೇಷ್ಟ್ರು ನಕ್ಕು ಎದ್ದುಹೋದರು. ಇನ್ನೊಂದು ಸಲ ಕೇಳಬಹುದಿತ್ತು. ಮಗಳಿಗೆ ಇದ್ದ ಬುದ್ಧಿ ಅಪ್ಪನಿಗೆ ಇರಲಿಲ್ಲ.

ಅವಳು ಹೈಸ್ಕೂಲಿಗೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದಳು. ಚಿಕ್ಕ ರೈಲು ನಮ್ಮ ತೋಟದ ಪಕ್ಕದಲ್ಲೇ ಹೊಗೆ ಬಿಟ್ಟುಕೊಂಡು ಹೋಗುತ್ತಿತ್ತು. ಅವಳು ಕಿಟಕಿಯಿಂದ ಕೈ ಬೀಸುವಳು. ನಾನು ಕಾಣದವಳ ಹಾಗೆ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದೆ. ಆಮೇಲೆ ಬೆಂಗಳೂರಿನ ಕಾಲೇಜು, ಹಾಸ್ಟೆಲ್ಲು. ಗಿಡ, ಎಲೆಗಳ ವಿಷಯ ಓದುತ್ತಿದ್ದಳಂತೆ. ರಜಕ್ಕೆ ಬಂದರೆ ನಮ್ಮ ತೋಟಕ್ಕೇ ಬರುವಳು. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವಳು. ಈ ಚುಕ್ಕೆ ಯಾವಾಗ ಬರುತ್ತೆ, ಮಳೆ ಬಂದ ಎಷ್ಟು ದಿನಕ್ಕೆ, ಇಂಥ ಎಲೆ ಹಾಕಿದರೆ ಹುಳು ಏನು ಮಾಡುತ್ತೆ ಎಂದು ಕೇಳುವಳು. ನಾನು ಹೇಳುತ್ತಿದ್ದೆ, ಅವಳು ಬರೆದುಕೊಳ್ಳುತ್ತಿದ್ದಳು. ಹೇಳಿದವಳು ನಾನು ಎನ್ನುವುದನ್ನೂ ಬರೆದುಕೊಂಡಳೋ ಇಲ್ಲವೋ, ನಾನು ಕೇಳಲಿಲ್ಲ.

ನನ್ನ ಮದುವೆ ಆದದ್ದು ನನ್ನ ಹದಿನೆಂಟನೇ ವಯಸ್ಸಿಗೆ, ಗೌರಿಬಿದನೂರಿನ ಕಡೆ ಒಂದು ಹಳ್ಳಿಗೆ. ಕೊಟ್ಟು ತರುವ ಮದುವೆ. ನನ್ನನ್ನು ಆ ಮನೆಗೆ ಕೊಟ್ಟರು, ಆ ಮನೆಯ ಹುಡುಗಿಯನ್ನು ನಮ್ಮಣ್ಣನಿಗೆ ತಂದರು. ಒಂದೇ ಚಪ್ಪರ, ಒಂದೇ ಊಟ, ಎರಡು ಮದುವೆ. ಇದರ ಕಷ್ಟ ಮಾಡಿಕೊಂಡವರಿಗೇ ಗೊತ್ತು. ಅಲ್ಲಿ ನಮ್ಮಣ್ಣ ಹೆಂಡತಿಯನ್ನು ಬೈದರೆ, ವಾರದೊಳಗೆ ಇಲ್ಲಿ ನನಗೆ ಬೈಗಳು. ಅತ್ತಿಗೆ ಮುನಿಸಿಕೊಂಡು ತವರಿಗೆ ಬಂದರೆ, ಅವಳು ಚೀಲ ಕೆಳಗಿಡುವ ಮೊದಲೇ ನಮ್ಮತ್ತೆ ನನ್ನ ಚೀಲ ತಂದಿಡುತ್ತಿದ್ದಳು. ನಾನು ಏನೂ ಮಾಡಿರಬೇಕಾಗಿರಲಿಲ್ಲ. ಹೀಗೆ ನಾಲ್ಕೈದು ಸಲ ನನ್ನನ್ನು ಕಳಿಸಿದ್ದಾರೆ, ಕರೆಸಿಕೊಂಡಿದ್ದಾರೆ.

ಅಂಥ ಒಂದು ಸಲ ನಾನು ಮಗಳನ್ನು ಕರೆದುಕೊಂಡು ಶಿಡ್ಲಘಟ್ಟದಲ್ಲಿ ಕೂತಿದ್ದಾಗಲೇ ಅವಳಿಗೆ ಜರ್ಮನಿಯ ಕಾಗದ ಬಂದದ್ದು. ಆಗ ಅವಳು ಬೆಂಗಳೂರಿನಲ್ಲಿ ಕಾಲೇಜಿನ ಮೇಡಮ್ಮು. ಕಾಗದ ಹಿಡಿದುಕೊಂಡು ಮೊದಲು ನಮ್ಮ ಜಗಲಿಗೇ ಬಂದಳು. ಬೆಂಗಳೂರಿನ ಯೂನಿವರ್ಸಿಟಿಗೂ ಜರ್ಮನಿಯ ಒಂದು ಯೂನಿವರ್ಸಿಟಿಗೂ ಒಪ್ಪಂದವಾಗಿದೆಯಂತೆ. ಇಲ್ಲಿಂದ ಒಬ್ಬರು ಅಲ್ಲಿಗೆ ಹೋಗಿ ಓದುವುದು, ಅಲ್ಲಿಂದ ಒಬ್ಬರು ಇಲ್ಲಿಗೆ ಬಂದು ಓದುವುದು. ಒಂದು ವರ್ಷದ ಮೇಲೆ ಸ್ವಲ್ಪ.

"ನಿನ್ನನ್ನೇ ಯಾಕೆ ಆರಿಸಿದ್ರು?" ಎಂದೆ.

"ನಾನು ಕೇಳ್ದೆ. ಬೇರೆ ಯಾರೂ ಕೇಳ್ಲಿಲ್ಲ."

"ಅಲ್ಲಿಂದ ಬಂದವನು ಮುನಿಸಿಕೊಂಡು ವಾಪಸು ಹೋದ್ರೆ ನಿನ್ನನ್ನೂ ಓಡಿಸ್ತಾರಾ?"

ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ನಾನು ತಮಾಷೆಗೆ ಕೇಳಿರಲಿಲ್ಲ. ನನ್ನನ್ನು ಮೂವತ್ತು ಮೈಲಿ ಆಚೆಗೆ ಬದಲಾಯಿಸಿಕೊಂಡರು, ಇವಳನ್ನು ಸಮುದ್ರದಾಚೆಗೆ ಬದಲಾಯಿಸಿಕೊಳ್ಳುತ್ತಾರೆ. ನನಗೆ ಸೊಪ್ಪು, ಸಗಣಿ. ಇವಳಿಗೆ ಹಡಗು.

ಮಾರನೆಯ ದಿನ ನಾನೊಂದು ಕೆಲಸ ಮಾಡಿದೆ. ಪುಸ್ತಕಕ್ಕೆ ಇದು ಬೇಡ ಎನ್ನಿಸಿದರೆ ಅವಳ ತಮ್ಮನ ಮಗ ಹರಿದುಹಾಕಲಿ, ನಾನು ಬರೆಯುತ್ತೇನೆ. ಅವರ ಮನೆಯಲ್ಲಿ ಮೇಷ್ಟ್ರ ತಾಯಿ ಇದ್ದರು, ಮಡಿಯ ಅಜ್ಜಿ. ಮೇಷ್ಟ್ರು ಊರಿಗೆಲ್ಲ ಬುದ್ಧಿ ಹೇಳಿದರೂ ತಾಯಿಯ ಮಾತು ಮೀರುತ್ತಿರಲಿಲ್ಲ. ಅಜ್ಜಿ ಹಿತ್ತಲಿನಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ದೂರದಲ್ಲಿ ಕೂತು ಹೇಳಿದೆ.

"ಅಜ್ಜಿ, ನಿಮ್ಮ ಮೊಮ್ಮಗಳನ್ನ ಜರ್ಮನಿಗೆ ಕೊಟ್ಟು ತರ್ತಾರಂತಲ್ಲ."

"ಏನೇ ಅದು, ಕೊಟ್ಟು ತರೋದು? ಓದೋಕ್ಕಲ್ವೇನೇ ಹೋಗೋದು?"

"ಓದೋಕ್ಕೇ ಅಜ್ಜಿ. ಇವಳು ಅಲ್ಲಿಗೆ ಹೋಗ್ತಾಳೆ, ಅಲ್ಲಿಂದ ಒಬ್ಬ ಹುಡುಗ ಇಲ್ಲಿಗೆ ಬರ್ತಾನೆ. ಎರಡು ಕಡೆಯವರೂ ಒಪ್ಪಿ ರುಜು ಹಾಕಿದಾರಂತೆ. ನನಗೇನು ಗೊತ್ತು, ನಾನು ಓದಿದವಳಲ್ಲ. ನಮ್ಮನ್ನೂ ಹಾಗೇ ಮಾಡಿದ್ರು, ಅದಕ್ಕೆ ಹೇಳ್ದೆ."

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಓದುವುದಕ್ಕೂ ಮದುವೆಗೂ ಸಂಬಂಧವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಿಗೆ ಗೊತ್ತಿರಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಹುಣಸೆ ಬೀಜ ಬಟ್ಟಲಿಗೆ ಬೀಳದೆ ನೆಲಕ್ಕೆ ಬಿತ್ತು.

ಅವತ್ತಿನಿಂದ ಅಜ್ಜಿ ಊಟ ಬಿಟ್ಟರು. ಬರೀ ನೀರು. ಮೇಷ್ಟ್ರು ರುಜು ಹಾಕಬೇಕಾದ ಫಾರಂ ಗೋಡೆಯ ಗೂಡಿನಲ್ಲಿ ಹಾಗೇ ಇತ್ತು. ಅದು ಬೆಂಗಳೂರಿಗೆ ತಲುಪಲು ಉಳಿದಿದ್ದದ್ದು ಒಂದು ವಾರ. ಮಾತು ಗೋಡೆಯೊಳಗೆ ನಿಲ್ಲಲಿಲ್ಲ. ಚಿಂತಾಮಣಿಯಿಂದ ಬರುತ್ತಿದ್ದ ಬಳೆಗಾರ ಕೂಡ ನಮ್ಮಮ್ಮನನ್ನು, "ಮೇಷ್ಟ್ರ ಮಗಳನ್ನ ದೊರೆಗಳ ಮನೆಗೆ ಕೊಡ್ತಾರಂತೆ, ಬಳೆ ನಮ್ಮ ಹತ್ರ ತಗೊಳ್ಳೋಕೆ ಹೇಳಮ್ಮ" ಎಂದು ಕೇಳಿದ. ನನಗೆ ಒಳಗೊಳಗೇ ಖುಷಿ. ಮೂರನೆಯ ದಿನ ಖುಷಿಗೆ ಸ್ವಲ್ಪ ಹೆದರಿಕೆ ಸೇರಿತು, ಏಕೆಂದರೆ ಅಜ್ಜಿ ಎದ್ದು ಕೂರುವುದನ್ನೂ ಬಿಟ್ಟಿದ್ದರು.

ಆ ದಿನ ಅವಳು ನಮ್ಮ ಮನೆಗೆ ಬಂದಳು. ಗೋಡೆಗೆ ಪಾದ ಒತ್ತಿ ನಿಲ್ಲಲಿಲ್ಲ. ಎರಡು ಕಾಲಲ್ಲೂ ನಿಂತಿದ್ದಳು.

"ಸ್ವಲ್ಪ ಬಾರೇ ನಮ್ಮನೆಗೆ."

"ಯಾಕೆ?"

"ಬಾ ಅಂದ್ರೆ ಬಾ."

ಅಜ್ಜಿ ಮಲಗಿದ್ದ ಕಡೆ ನನ್ನನ್ನು ಕರೆದುಕೊಂಡು ಹೋಗಿ ಎದುರಿಗೆ ಕೂರಿಸಿದಳು. ಮೇಷ್ಟ್ರೂ ಅಲ್ಲೇ ಇದ್ದರು. ಈಗ ನನ್ನ ಮಾನ ತೆಗೆಯುತ್ತಾಳೆ ಎಂದುಕೊಂಡೆ. ತೆಗೆದಳು, ಆದರೆ ನಾನು ನೆನೆಸಿದ ಹಾಗಲ್ಲ.

"ಅಜ್ಜಿ, ಇವಳನ್ನ ನೋಡು" ಎಂದಳು. "ಇವಳನ್ನ ಕೊಟ್ಟು ತಂದ್ರಲ್ಲ, ಹತ್ತು ವರ್ಷದ ಮೇಲಾಯ್ತು. ಇವಳನ್ನ ಕಳಿಸುವಾಗ ವಾಪಸು ಬರೋಕೆ ಟಿಕೇಟು ಕೊಟ್ಟಿದ್ರಾ?"

ಅಜ್ಜಿ ಕಣ್ಣು ಬಿಟ್ಟರು.

"ಇಷ್ಟು ದಿನ ಅಂತ ಹೇಳಿದ್ರಾ? ದಿನ ಮುಗಿದ ಮೇಲೆ ನಿನ್ನಿಷ್ಟ, ಹೊರಟುಬಾ ಅಂದ್ರಾ? ಈಗ ಬಂದು ಕೂತಿದಾಳೆ, ತಾನಾಗಿ ಬಂದಳಾ? ನಾಳೆ ಹೋಗ್ತಾಳೆ, ತಾನಾಗಿ ಹೋಗ್ತಾಳಾ? ನೀನೇ ಹೇಳೇ." ಕೊನೆಯ ಮಾತು ನನಗೆ.

ನಾನು ಇಲ್ಲ ಎಂದು ತಲೆಯಾಡಿಸಿದೆ.

ಅವಳು ಕಾಗದ ಬಿಚ್ಚಿ ಅಜ್ಜಿಯ ಮುಖದ ಮುಂದೆ ಹಿಡಿದಳು. ಅಜ್ಜಿಗೆ ಓದು ಬಾರದು, ಆದರೂ ಹಿಡಿದಳು. "ಇದರಲ್ಲಿ ಹೋಗೋ ಹಡಗಿನ ಟಿಕೇಟೂ ಇದೆ, ಬರೋ ಹಡಗಿನ ಟಿಕೇಟೂ ಇದೆ. ವಾಪಸು ಬರೋದು ಯಾವ ತಿಂಗಳು ಅಂತಾನೂ ಬರೆದಿದಾರೆ. ವಾಪಸು ಟಿಕೇಟು ಕೊಟ್ಟು ಯಾರಾದ್ರೂ ಮದುವೆ ಮಾಡ್ತಾರಾ ಅಜ್ಜಿ?"

ಅಜ್ಜಿ ತುಂಬ ಹೊತ್ತು ನೋಡಿದರು. ಕಾಗದವನ್ನಲ್ಲ, ನನ್ನನ್ನು. ನನ್ನ ಕೈ, ಬೆರಳಿನ ಸಂದಿಯ ಸೊಪ್ಪಿನ ಕಲೆ, ಮಾಸಿದ ಸೀರೆ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಗಂಜಿ ಮಾಡೋಕೆ ಹೇಳೋ" ಎಂದರು. ಆ ಸಂಜೆಯೇ ಮೇಷ್ಟ್ರು ರುಜು ಹಾಕಿದರು.

ಹೀಗೆ, ಅವಳನ್ನು ನಿಲ್ಲಿಸಲು ನಾನು ಆಡಿದ ಮಾತಿಗೆ ಉತ್ತರವಾಗಿ ಅವಳು ನನ್ನನ್ನೇ ತೋರಿಸಿದಳು. ಅವಳ ಬಾಳು ನನ್ನದರ ಹಾಗೆ ಆಗುವುದಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ. ಅವಳು ಬೈದಿದ್ದರೆ ಮರೆಯುತ್ತಿದ್ದೆ.

ಅವಳು ಹೊರಟ ದಿನ ಊರಿನ ಅರ್ಧ ಜನ ಸ್ಟೇಷನ್ನಿಗೆ ಹೋಗಿದ್ದರಂತೆ. ನಾನು ಹೋಗಲಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ಬಂದಿದ್ದವು, ಕೆಲಸವಿತ್ತು ಎಂದು ಹೇಳಿದೆ. ಹುಳು ಹಣ್ಣಾಗಿದ್ದದ್ದು ನಿಜ.

ಜರ್ಮನಿಯ ಹುಡುಗ ಬಂದ. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದವನು, ಹಿಪ್ಪುನೇರಳೆ ತೋಟ ನೋಡಬೇಕೆಂದು ಆಗಾಗ ಶಿಡ್ಲಘಟ್ಟಕ್ಕೆ ಬಂದು ಮೇಷ್ಟ್ರ ಮನೆಯಲ್ಲಿ ಇಳಿಯುತ್ತಿದ್ದ. ನಾನು ಆಗ ಎರಡನೇ ಹೆರಿಗೆಗೆ ತವರಿಗೆ ಬಂದಿದ್ದೆ, ಎಲ್ಲ ನೋಡಿದೆ. ಬಾಗಿಲಿಗಿಂತ ಎತ್ತರ, ಒಳಗೆ ಬರುವಾಗಲೆಲ್ಲ ಹಣೆ ಬಡಿದುಕೊಳ್ಳುವನು. ಅಜ್ಜಿ ಮೊದಲು ಅವನನ್ನು ಜಗಲಿಯಿಂದ ಒಳಗೆ ಬಿಡಲಿಲ್ಲ. ಆಮೇಲೆ ಅವನಿಗೆ ಹೊಟ್ಟೆ ಕೆಟ್ಟಿತು. ಮುಖ ಸಪ್ಪಗೆ ಮಾಡಿಕೊಂಡು ಊರಿಗೆ ಹೋಗುತ್ತೇನೆ ಎಂದನಂತೆ. ಅಜ್ಜಿ ನನ್ನನ್ನು ಕರೆಸಿದರು.

"ಅಲ್ವೇ, ಕೊಟ್ಟು ತಂದ ಕಡೆ ಹೇಗಿರುತ್ತೆ ಅಂತ ನಿನಗೆ ಗೊತ್ತು. ಇವನು ಇಲ್ಲಿಂದ ಹೊರಟುಬಿಟ್ರೆ ನಮ್ಮ ಹುಡುಗೀನ ಅಲ್ಲಿ ಇಟ್ಕೋತಾರಾ?"

"ಇಟ್ಕೊಳ್ಳೋಲ್ಲ ಅಜ್ಜಿ" ಎಂದೆ. ಈ ಸಲ ನಾನು ಹೇಳಿದ್ದನ್ನು ನಾನೂ ನಂಬಿದ್ದೆ.

ಅವತ್ತಿನಿಂದ ನೋಡಬೇಕಿತ್ತು ಅಜ್ಜಿಯ ಉಪಚಾರ. ಮಡಿ ಎಲ್ಲಿ ಹೋಯಿತೋ. ನಡುಮನೆಯಲ್ಲಿ ಹಾಸಿಗೆ, ಮಜ್ಜಿಗೆಗೆ ಮೆಂತ್ಯ, ದಾಳಿಂಬೆ ಸಿಪ್ಪೆಯ ಕಷಾಯ. ಅವನ ಹಣೆಗೆ ಬಡಿಯದಿರಲಿ ಎಂದು ಬಾಗಿಲ ಮೇಲ್ಪಟ್ಟಿಗೆ ಹಳೆಯ ಸೀರೆ ಸುತ್ತಿದರು. ಅಳಿಯನಿಗೂ ಯಾರೂ ಹಾಗೆ ಮಾಡುವುದಿಲ್ಲ. "ಬೇಜಾರಾಯ್ತೇನಪ್ಪ? ಬೇಜಾರು ಮಾಡ್ಕೋಬೇಡ" ಎಂದು ಗಳಿಗೆಗೊಮ್ಮೆ ಹೇಳುವರು. ಅವನಿಗೆ ಒಂದಕ್ಷರ ತಿಳಿಯದು, ತಲೆಯಾಡಿಸುವನು. ಕೊನೆಗೂ ನಾಲ್ಕನೇ ತಿಂಗಳಿಗೆ ಅವನು ಹೊರಟೇಹೋದ. ಅಜ್ಜಿ ಜಗಲಿಯಲ್ಲಿ ಕೂತು ಅತ್ತರು. ಅಜ್ಜಿ ದಿನಾ ರೈಲಿನ ಹೊತ್ತಿಗೆ ಬೀದಿ ನೋಡುವರು, ಮೊಮ್ಮಗಳು ವಾಪಸು ಬರದಿರಲಪ್ಪ ಎಂದು. ನಾನೂ ಮಗುವನ್ನು ಎತ್ತಿಕೊಂಡು ಬೀದಿ ನೋಡುತ್ತಿದ್ದೆ, ಬರಲಿ ಎಂದು. ಚೀಲ ಹಿಡಿದು, ತಲೆ ತಗ್ಗಿಸಿ, ನಾನು ಬರುತ್ತಿದ್ದ ಹಾಗೆ.

ಬರಲಿಲ್ಲ. ಬಂದದ್ದು ಕಾಗದ, ನನ್ನ ಹೆಸರಿಗೆ. ಹಿಮ, ಚಳಿ, ಆಲೂಗೆಡ್ಡೆ ಬಿಟ್ಟರೆ ತಿನ್ನಲು ಏನೂ ಇಲ್ಲ ಎಂದೆಲ್ಲ ಬರೆದು ಕೊನೆಗೆ, "ಇಲ್ಲಿ ಎಲ್ಲರ ಮನೆಯೂ ವರ್ಷವಿಡೀ ನಾಲ್ಕನೇ ಜ್ವರ ಎದ್ದ ಹುಳುವಿನ ಮನೆಯ ಹಾಗಿದೆ ಕಣೇ. ಹೊರಗಿನವರಿಗೆ ಪ್ರವೇಶವಿಲ್ಲ. ನಾನು ಬಾಗಿಲಲ್ಲಿ ನಿಂತು ಕೇಳುತ್ತೇನೆ, ಕೆಲವರು ಬಾ ಎನ್ನುತ್ತಾರೆ" ಎಂದು ಬರೆದಿದ್ದಳು. ಆ ಹುಡುಗ ಹೊರಟುಹೋದದ್ದು ಅವಳಿಗೂ ತಿಳಿದಿತ್ತು. ಅಲ್ಲಿ ಯಾರೂ ಅವಳನ್ನು ಒಂದು ಮಾತೂ ಕೇಳಲಿಲ್ಲವಂತೆ. ಅವನದು ಅವನಿಗೆ, ಇವಳದು ಇವಳಿಗೆ. ಅದನ್ನು ಓದಿದಾಗ ಹಡಗಿಗಿಂತ, ಹಿಮಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಬದಲಿಯಾಗಿ ಹೋಗಿಯೂ ಇನ್ನೊಬ್ಬರ ತಪ್ಪಿಗೆ ಚೀಲ ಕಟ್ಟದಿರುವ ಜಾಗ ಭೂಮಿಯ ಮೇಲೆ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಹೇಳಿದ ತಿಂಗಳಿಗೇ ವಾಪಸು ಬಂದಳು. ಸ್ವಲ್ಪ ದಿನಕ್ಕೆ ನಮ್ಮ ಹಳ್ಳಿಗೂ ಬಂದಳು, ಗೌರಿಬಿದನೂರಿನಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದುಕೊಂಡು. ನಾನು ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ಬಂದು ಪಕ್ಕದಲ್ಲಿ ಕೂತಳು.

"ಅಜ್ಜಿಗೆ ಹೇಳಿದ್ದು ನೀನೇ ಅಲ್ವೇನೇ?"

"ಹೌದು."

"ಗೊತ್ತಿತ್ತು."

"ನನ್ನನ್ನ ಹಾಗೆ ಕೂರಿಸಿ ತೋರಿಸಿದ್ಯಲ್ಲ, ಅದು ಸರಿ ಇರಲಿಲ್ಲ" ಎಂದೆ.

"ಇರಲಿಲ್ಲ. ಬೇರೇನೂ ತೋಚಲಿಲ್ಲ ಕಣೇ."

ತಪ್ಪಾಯಿತು ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮೊರದಿಂದ ಒಂದು ಹಿಡಿ ರಾಗಿ ತೆಗೆದು ಕಲ್ಲು ಆರಿಸತೊಡಗಿದಳು. ಅದೂ ಸರಿಯಾಗಿ ಬರುತ್ತಿರಲಿಲ್ಲ. ಆಗ ನನ್ನ ದೊಡ್ಡ ಮಗಳು ನೀರು ತಂದುಕೊಟ್ಟಳು. ಅವಳಿಗೆ ಹತ್ತು ವರ್ಷ, ನಾಲ್ಕನೇ ಕ್ಲಾಸು ಮುಗಿದಿತ್ತು. ನಮ್ಮತ್ತೆ ಇನ್ನು ಸಾಕು ಎಂದಿದ್ದಳು. ರಾಗಿ ಆರಿಸುತ್ತಿದ್ದವಳು ಮಗಳನ್ನು ಒಂದು ಬಾಯಿಲೆಕ್ಕ ಕೇಳಿದಳು. ಮಗಳು ಬೆರಳು ಎಣಿಸದೆ ಹೇಳಿದಳು.

"ಇವಳನ್ನ ನನ್ನ ಜೊತೆ ಕಳಿಸು. ಬೆಂಗಳೂರಲ್ಲಿ ಮನೆ ಮಾಡಿದೀನಿ, ಅಜ್ಜೀನೂ ಅಲ್ಲಿಗೇ ಕರ್ಕೊಂಡಿದೀನಿ. ಓದಿಸ್ತೀನಿ."

"ಬದಲಿಗೆ ಏನು ಬೇಕು?"

"ಏನೂ ಬೇಡ. ಕೇಳೋಕೇನು, ಅದಕ್ಕೆ ಕೇಳ್ದೆ."

ಬಾಯಿಗೆ ಬಂದದ್ದು ಬೇಡ ಎನ್ನುವ ಮಾತು, ಅಂದು ಪೆನ್ಸಿಲ್ಲಿಗೆ ಹೇಳಿದ ಹಾಗೆ. ನನ್ನ ಓದೂ ಇವಳ ಪಾಲಾಯಿತು, ಈಗ ಮಗಳೂ ಇವಳ ಪಾಲಾಗಬೇಕೇ ಎನ್ನಿಸಿತು. ಮಗಳು ಚೊಂಬು ಹಿಡಿದು ಅಲ್ಲೇ ನಿಂತಿದ್ದಳು. ಒಂದು ಪಾದವನ್ನು ಕಂಬಕ್ಕೆ ಒತ್ತಿಕೊಂಡು.

"ವಾಪಸು ಬರೋ ಬಸ್ ಚಾರ್ಜು ಮೊದಲು ಕೊಡು" ಎಂದೆ.

ಅವಳು ನಗಲಿಲ್ಲ. ಪರ್ಸಿನಿಂದ ನೋಟು ತೆಗೆದು ಕೊಟ್ಟಳು. ನಾನು ಅದನ್ನು ಅವಳ ಕಣ್ಣೆದುರಿಗೇ ಮಗಳ ಲಂಗದ ಅಂಚಿನಲ್ಲಿಟ್ಟು ಹೊಲಿದೆ. "ಯಾವತ್ತು ಬರಬೇಕು ಅನ್ನಿಸುತ್ತೋ ಅವತ್ತು ಬಿಚ್ಕೊಂಡು ಬಂದುಬಿಡು, ಯಾರನ್ನೂ ಕೇಳಬೇಡ" ಎಂದು ಮಗಳಿಗೆ ಹೇಳಿದೆ. ನಮ್ಮತ್ತೆ ನಡುಮನೆಯಿಂದ, "ಪೋನೀ, ಹೋಗ್ಲಿ ಬಿಡು, ಒಂದು ಬಾಯಿ ಕಡಿಮೆಯಾಯ್ತು" ಎಂದಳು.

ಎರಡು ವರ್ಷದ ಮೇಲೆ ಮಗಳು ರಜಕ್ಕೆ ಬಂದಾಗ ಹೊಸ ಲಂಗ ಉಟ್ಟಿದ್ದಳು. ಅಂಚು ಹಿಡಿದು ನೋಡಿದೆ. ನೋಟು ಅಲ್ಲೇ ಇತ್ತು. ಸೊಟ್ಟಸೊಟ್ಟಗೆ ದೊಡ್ಡದೊಡ್ಡ ಹೊಲಿಗೆ ಹಾಕಿತ್ತು, ಗೋಣಿಚೀಲ ಹೊಲಿದ ಹಾಗೆ. "ದೊಡ್ಡಮ್ಮ ಹೊಲಿದ್ರು" ಎಂದಳು ಮಗಳು. "ಲಂಗ ಚಿಕ್ಕದಾದಾಗೆಲ್ಲ ಬಿಚ್ಚಿ ಹೊಸದಕ್ಕೆ ಹಾಕ್ತಾರೆ." ದೊಡ್ಡಮ್ಮ ಎಂದರೆ ಅವಳೇ, ಹೊಲಿಗೆ ಬರುತ್ತಿರಲಿಲ್ಲ. ನಾನು ಬಿಚ್ಚಿ ನೆಟ್ಟಗೆ ಹೊಲಿದು ಕಳಿಸಿದೆ.

ಮಗಳು ಆ ನೋಟು ಖರ್ಚು ಮಾಡಲಿಲ್ಲ. ಓದಿ ಡಾಕ್ಟರಾದಳು, ಅಲ್ಲೇ ನಿಂತಳು.

ಮೊನ್ನೆ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ನನ್ನ ಮಗಳು ಅವಳ ಫೋಟೋದ ಮುಂದೆ ಕೂತು, ಹೆತ್ತವಳು ಹೋದ ಹಾಗೆ ಅತ್ತಳು. ಅಷ್ಟು ವಯಸ್ಸಾದ ಹೆಂಗಸು, ಅಷ್ಟು ಜನರ ಎದುರಿಗೆ. ನಾನು ಎಲೆಯ ಮುಂದೆ ಕೂತು ಅದನ್ನೇ ನೋಡುತ್ತಿದ್ದೆ. ನಾನು ಹೋದಾಗ ಇಷ್ಟು ಅಳುತ್ತಾಳೋ ಇಲ್ಲವೋ, ನೋಡಲು ನಾನಿರುವುದಿಲ್ಲ. ಅವಳು ಬದುಕಿದ್ದಿದ್ದರೆ ನನ್ನ ಬದಲಿಗೆ ನೋಡುತ್ತಿದ್ದಳು. ಸಾಲದಿದ್ದರೆ, ಇನ್ನೂ ಸ್ವಲ್ಪ ಅಳೇ ಎಂದು ಕೇಳುತ್ತಿದ್ದಳು.